ಕಾಲುವೆಯ ಆಚೆ, ಈಚೆ: ಮಟ್ಟಾಂಚೇರಿಯ ಮರುಓದಿಗೆ ಕೆಲವು ಟಿಪ್ಪಣಿಗಳು

ಕೊಚ್ಚಿಯ ಚರಿತ್ರೆಯನ್ನು ಮೂರು ಸಾಲಿನಲ್ಲಿ ಮುಗಿಸುವ ರೂಢಿಯೊಂದಿದೆ. 1503ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, 1663ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು, 1795ರಲ್ಲಿ ಇಂಗ್ಲಿಷರು ಬಂದರು. ಪ್ರವಾಸಿ ಫಲಕಗಳೂ ಮಾರ್ಗದರ್ಶಿಗಳೂ ಇದನ್ನೇ ಒಪ್ಪಿಸುತ್ತಾರೆ. ಸೇಂಟ್ ಫ್ರಾನ್ಸಿಸ್ ಚರ್ಚು ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲು ಮರದ್ದು, 1516ರ ಹೊತ್ತಿಗೆ ಕಲ್ಲಿನದು. ಮೊದಲು ಕ್ಯಾಥೊಲಿಕರದು, ಬಳಿಕ ಡಚ್ ಸುಧಾರಿತ ಪಂಥದ್ದು, 19ನೆಯ ಶತಮಾನದ ಮೊದಲಿಗೆ ಆಂಗ್ಲಿಕನ್ನರದು, ಈಗ ದಕ್ಷಿಣ ಭಾರತ ಸಭೆಯದು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಹೂಳಿದರು. ಕೆಲವು ವರ್ಷಗಳ ಮೇಲೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಗೋರಿಕಲ್ಲಿಗೆ ಕಂಬಿ ಕಟ್ಟಿದ್ದಾರೆ, ಒಳಗೆ ಯಾರೂ ಇಲ್ಲದ ಆ ಗೋರಿಯ ಮುಂದೆ ಜನ ಸಾಲುಗಟ್ಟಿ ಪಟ ತೆಗೆದುಕೊಳ್ಳುತ್ತಾರೆ.

ಆ ಮೂರು ಸಾಲು ಸುಳ್ಳಲ್ಲ. ಆದರೆ ಅದು ಕೋಟೆಯ ಚರಿತ್ರೆ, ಊರಿನದಲ್ಲ. ಬಹಳ ಕಾಲದಿಂದ ನನಗೆ ಇಷ್ಟವಾದ ಈ ಊರಿಗೆ ಮರಳಿ ಹೋದಾಗ ಕೋಟೆಯ ಬೀದಿಗಳನ್ನು ಬೇಗ ದಾಟಿ ಮಟ್ಟಾಂಚೇರಿಯಲ್ಲಿ ಹೆಚ್ಚು ಹೊತ್ತು ನಿಂತೆ. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿ. ಕೊಚ್ಚಿಯನ್ನು ಹಲವು ಮತ, ಹಲವು ಭಾಷೆಗಳ ಊರೆಂದು ಹೊಗಳುವಾಗ ನಾವು ಬೆರಳು ಮಾಡಿ ತೋರಿಸುವ ಕಟ್ಟಡಗಳಲ್ಲಿ ಬಹುಪಾಲು ಕೋಟೆಯ ಹೊರಗಿವೆ. ಯೆಹೂದಿಗಳ ಪರದೇಶಿ ಸಿನಗಾಗ್, ಕೊಂಕಣಿಗರ ತಿರುಮಲ ದೇವಸ್ಥಾನ, ಮುಸಲ್ಮಾನರ ಮಸೀದಿಯಾದ ಕೊಚ್ಚಂಗಾಡಿಯ ಚೆಂಬಿಟ್ಟ ಪಳ್ಳಿ, ಸಿರಿಯನ್ ಕ್ರೈಸ್ತರ ಕೂನನ್ ಕುರಿಶು, ಗುಜರಾತಿ ಬೀದಿಯ ಜೈನ ದೇವಾಲಯ ಎಲ್ಲವೂ ಮಟ್ಟಾಂಚೇರಿ ಮತ್ತು ಅದರ ಆಸುಪಾಸಿನವು. ಹಳೆಯ ಕೋಟೆಯ ಗೋಡೆಗಳ ಒಳಗೆ ಇದ್ದದ್ದು ಆಳುವವರ ದೇವರು, ಅದೂ ಒಮ್ಮೆಗೆ ಒಂದೇ ಪಂಥದ್ದು.

ಹಾಗಾದರೆ ಈ ಬಹುಸಮುದಾಯದ ಬದುಕು ಯಾರ ಕೊಡುಗೆ? ವಸಾಹತುಶಾಹಿಯದಲ್ಲ ಎನ್ನುವುದು ಸುಲಭ. ಕೊಚ್ಚಿಯ ಅರಸರ ಔದಾರ್ಯ ಎನ್ನುವುದು ಇನ್ನೂ ಸುಲಭ, ಕೇಳುವುದಕ್ಕೆ ಹಿತವೂ ಹೌದು. ಎರಡೂ ಸಾಲದು. ಒಂದೇ ಬಂದರಿನಲ್ಲಿ ಎರಡು ಅಧಿಕಾರಗಳು, ಒಂದಕ್ಕೊಂದು ಬೇಕಾಗಿಯೂ ಒಂದನ್ನೊಂದು ನಂಬದೆಯೂ, ಸುಮಾರು ಮೂರು ಶತಮಾನ ಅಕ್ಕಪಕ್ಕ ಬಾಳಿದವು. ಅವೆರಡರ ನಡುವಿನ ಸಂದಿನಲ್ಲಿ ಚೌಕಾಸಿ ಮಾಡಬಲ್ಲವರು ನೆಲೆ ನಿಂತರು. ಚೌಕಾಸಿಗೆ ಕೈಯಲ್ಲಿ ಏನೂ ಇಲ್ಲದವರು ನಿಲ್ಲಲಿಲ್ಲ. ಇದಕ್ಕೆ ಆಧಾರವೆಂದು ನನಗೆ ಕಾಣುವ ಕೆಲವು ಸಂಗತಿಗಳನ್ನೂ ಈ ವಾದಕ್ಕೆ ಬಗ್ಗದ ಒಂದೆರಡನ್ನೂ ಮುಂದೆ ಇಡುತ್ತೇನೆ.

ಮೊದಲು ನೆಲದ ಲೆಕ್ಕ. ಪೋರ್ಚುಗೀಸರು ತಮ್ಮ ಕೋಟೆ ಪಟ್ಟಣವನ್ನು ಕೆಳಗಿನ ಕೊಚ್ಚಿ ಎಂದೂ ಅರಸನ ಊರನ್ನು ಮೇಲಿನ ಕೊಚ್ಚಿ ಎಂದೂ ಕರೆದರು. ನಡುವೆ ನಡೆದು ಹೋಗುವಷ್ಟೇ ದೂರ. ಕಲ್ವತ್ತಿ ಕಾಲುವೆ ದಾಟಿದರೆ ಬಜಾರ್ ರಸ್ತೆಯ ಉಗ್ರಾಣಗಳು, ಅವುಗಳ ಬೆನ್ನಿಗೆ ಹಿನ್ನೀರು, ತುದಿಯಲ್ಲಿ ಅರಮನೆ. ಆ ಅರಮನೆಯ ಕಥೆಯಲ್ಲೇ ಎರಡು ಅಧಿಕಾರಗಳ ನಂಟಿನ ಸ್ವರೂಪವಿದೆ. ಅದನ್ನು ಕಟ್ಟಿಸಿ 16ನೆಯ ಶತಮಾನದ ನಡುವಿನಲ್ಲಿ ಅರಸನಿಗೆ ಕಾಣಿಕೆಯಾಗಿ ಕೊಟ್ಟವರು ಪೋರ್ಚುಗೀಸರು. ಹತ್ತಿರದ ದೇವಾಲಯವೊಂದನ್ನು ಲೂಟಿ ಮಾಡಿದ್ದಕ್ಕೆ ಸಮಾಧಾನ ಹೇಳಲು ಕೊಟ್ಟರೆಂಬುದು ಹೇಳಿಕೆ. 1663ರ ಬಳಿಕ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಜನರ ಬಾಯಲ್ಲಿ ಅದು ಡಚ್ ಅರಮನೆ. ಒಳಾಂಗಣದಲ್ಲಿ ಪಳಯನ್ನೂರು ಭಗವತಿಯ ಗುಡಿ, ಮಲಗುವ ಕೋಣೆಯ ಗೋಡೆಯ ಮೇಲೆ ರಾಮಾಯಣ. ಪರದೇಶಿಗಳು ಕಟ್ಟಿದ ಮನೆಯೊಳಗೆ ಕುಳಿತು ಅರಸ ತನ್ನ ಕುಲದೇವಿಯನ್ನು ಪೂಜಿಸಿದ, ಅದೇ ಪರದೇಶಿಗಳ ಹಗೆಗಳಿಗೆ ಗೋಡೆಯಾಚೆಯೇ ಜಾಗ ಕೊಟ್ಟ.

ಆ ಗೋಡೆಯಾಚೆಯ ಜಾಗ 1568ರ ಸಿನಗಾಗ್. ಅದನ್ನು ಕಟ್ಟಿದ ಪರದೇಶಿ ಯೆಹೂದಿಗಳು ಐಬೀರಿಯ, ಸಿರಿಯ, ಇರಾಕುಗಳ ಕಡೆಯಿಂದ ಬಂದವರ ವಂಶಸ್ಥರು. ಇವರಿಗಿಂತ ಮೊದಲೇ, ನೂರಾರು ವರ್ಷಗಳಿಂದ, ಈ ಕರಾವಳಿಯಲ್ಲಿ ಮಲಯಾಳ ಆಡುವ ಯೆಹೂದಿಗಳಿದ್ದರು. ಜೋಸೆಫ್ ರಬ್ಬಾನನಿಗೆ ಭಾಸ್ಕರ ರವಿವರ್ಮ ಕೊಟ್ಟ ತಾಮ್ರಶಾಸನ ಸುಮಾರು ಕ್ರಿ.ಶ. 1000ದ್ದು. ಆದರೆ 1568 ಎಂಬ ಇಸವಿಯನ್ನು ಬರೀ 'ಪುರಾತನ' ಎಂಬ ಅರ್ಥದಲ್ಲಿ ಓದಬಾರದು. ಅದಕ್ಕೆ ಹನ್ನೊಂದು ವರ್ಷ ಹಿಂದೆ, 1557ರಲ್ಲಿ, ಕೋಟೆಯೊಳಗಿನ 'ಹೊಸ ಕ್ರೈಸ್ತ'ರ ಮೇಲೆ, ಅಂದರೆ ಬಲವಂತದಿಂದ ಕ್ರೈಸ್ತರಾದ ಯೆಹೂದಿ ಮೂಲದವರ ಮೇಲೆ, ಗುಮಾನಿ ಬಿದ್ದು ಹಲವರನ್ನು ಬಂಧಿಸಿದರು. ಒಳಗೊಳಗೇ ಹಳೆಯ ಧರ್ಮವನ್ನು ಆಚರಿಸುತ್ತಾರೆಂಬುದು ಆರೋಪ. 1560ರಲ್ಲಿ ಗೋವೆಯಲ್ಲಿ ಧರ್ಮದ್ರೋಹವನ್ನು ವಿಚಾರಿಸುವ ಇನ್‌ಕ್ವಿಸಿಶನ್ ಶುರುವಾಯಿತು. ಕೆಳಗಿನ ಕೊಚ್ಚಿಯಲ್ಲಿ ಯಾವ ನಂಬಿಕೆಗೆ ಸೆರೆಮನೆಯೋ ಮೇಲಿನ ಕೊಚ್ಚಿಯಲ್ಲಿ ಅದಕ್ಕೆ ಅರಮನೆಯ ಮಗ್ಗುಲಲ್ಲಿ ನಿವೇಶನ. ಅರಸನಿಗೆ ಇದರಲ್ಲಿ ಲಾಭವೂ ಇತ್ತು: ಪೋರ್ಚುಗೀಸರ ಹಿಡಿತಕ್ಕೆ ಸಿಗದ ವ್ಯಾಪಾರಿಗಳು, ಅವರಿಲ್ಲದೆಯೂ ಹೊರಲೋಕಕ್ಕೆ ಒಂದು ದಾರಿ.

ಈ ಏರ್ಪಾಡು ಎಷ್ಟು ನಾಜೂಕಿನದು ಎಂಬುದು 1662ರಲ್ಲಿ ಗೊತ್ತಾಯಿತು. ಆ ವರ್ಷ ಡಚ್ಚರು ಕೋಟೆಗೆ ಮುತ್ತಿಗೆ ಹಾಕಿ ಸೋತು ಹಿಂದೆ ಸರಿದಾಗ, ಅವರಿಗೆ ನೆರವಾದರೆಂದು ಪೋರ್ಚುಗೀಸರು ಯೆಹೂದಿ ಬೀದಿಯ ಮೇಲೆ ಬಿದ್ದರು. ಸಿನಗಾಗ್ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಜನವರಿಯಲ್ಲಿ ಕೋಟೆ ಡಚ್ಚರ ಕೈಗೆ ಬಂತು, ಅವರ ಸಹಾಯದಿಂದ ಪ್ರಾರ್ಥನಾಮಂದಿರ ಮತ್ತೆ ಎದ್ದಿತು. ಅದೇ ಡಚ್ಚರು ಕೋಟೆಯೊಳಗೆ ಮಾಡಿದ್ದೇನು? ಕ್ಯಾಥೊಲಿಕ್ ಪಾದ್ರಿಗಳನ್ನು ಹೊರಹಾಕಿದರು, ಸಾಂತಾ ಕ್ರೂಜ್ ಕತೀಡ್ರಲ್ಲನ್ನು ಮದ್ದುಗುಂಡಿನ ಕೋಠಿ ಮಾಡಿಕೊಂಡರು. ಇಂದಿನ ಸಾಂತಾ ಕ್ರೂಜ್ ಬೆಸಿಲಿಕ 20ನೆಯ ಶತಮಾನದ ಆರಂಭದ ಕಟ್ಟಡ. ಡಚ್ಚರನ್ನು 'ಸಹಿಷ್ಣು ವ್ಯಾಪಾರಿಗಳು' ಎಂದು ಬಣ್ಣಿಸುವವರು ಸಿನಗಾಗನ್ನು ನೋಡಿ ಕತೀಡ್ರಲ್ಲನ್ನು ಮರೆಯುತ್ತಾರೆ. ತಮ್ಮ ಹಗೆಗೆ ಹಗೆಯಾದವರನ್ನು ಅವರು ಪೊರೆದರು, ಅಷ್ಟೆ.

18ನೆಯ ಶತಮಾನ ಯೆಹೂದಿ ಬೀದಿಯ ಮಧ್ಯಾಹ್ನ. ಡಚ್ ಕಂಪನಿಯ ಮುಖ್ಯ ವ್ಯಾಪಾರಿಯಾಗಿದ್ದ ಎಜೆಕಿಯಲ್ ರಹಾಬಿ (1694–1771) ಮೆಣಸು ಕೊಂಡುಕೊಡುವುದರ ಜೊತೆಗೆ ತಿರುವಾಂಕೂರಿನ, ಕಲ್ಲಿಕೋಟೆಯ ದರ್ಬಾರುಗಳಲ್ಲಿ ಕಂಪನಿಯ ಮಾತುಕತೆಯನ್ನೂ ನಡೆಸುತ್ತಿದ್ದ. 1760ರ ಗಡಿಯಾರ ಗೋಪುರ ಅವನ ಕಾಲದ್ದು; ಬೇರೆ ಬೇರೆ ದಿಕ್ಕಿನ ಮುಖಗಳಲ್ಲಿ ಬೇರೆ ಬೇರೆ ಲಿಪಿಯ ಅಂಕಿಗಳು. ಸಿನಗಾಗಿನ ನೆಲದ ನೀಲಿ-ಬಿಳಿ ಹಾಸುಬಿಲ್ಲೆಗಳು ಚೀನದ ಕ್ಯಾಂಟನ್ನಿನಿಂದ ಬಂದವು. ಒಂದನ್ನು ಹೋಲುವುದು ಇನ್ನೊಂದಿಲ್ಲ ಎಂದು ಪ್ರತಿ ಮಾರ್ಗದರ್ಶಿಯೂ ಹೇಳುತ್ತಾನೆ, ಯಾರೂ ಬಗ್ಗಿ ಹೋಲಿಸಿ ನೋಡುವುದಿಲ್ಲ.

ಒಳಗಿನ ಗೋಡೆಗಳನ್ನು ಮಾತ್ರ ಮಾರ್ಗದರ್ಶಿಗಳು ಹೇಳುವುದಿಲ್ಲ. ಪರದೇಶಿ ಸಿನಗಾಗಿನಲ್ಲಿ, ಬಿಡುಗಡೆಯಾದ ದಾಸರ ವಂಶದವರೆಂದು ಕರೆಸಿಕೊಂಡವರಿಗೆ ಸಮಾನ ಸ್ಥಾನ ಇರಲಿಲ್ಲ. ಅವರ ಪೈಕಿಯೇ ಒಬ್ಬನಾದ ವಕೀಲ ಎ.ಬಿ. ಸೇಲಂ (1882–1967) 20ನೆಯ ಶತಮಾನದಲ್ಲಿ ಇದರ ವಿರುದ್ಧ ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಬೇಕಾಯಿತು. ಜನ ಅವನನ್ನು 'ಯೆಹೂದಿ ಗಾಂಧಿ' ಎಂದರು. ಮಲಯಾಳ ಆಡುವ ಹಳೆಯ ಯೆಹೂದಿಗಳದು, ಅಂದರೆ ಮಲಬಾರಿ ಯೆಹೂದಿಗಳದು, ಬೇರೆಯೇ ಸಿನಗಾಗುಗಳು, ಅದೇ ಊರಿನಲ್ಲಿ. ಅವುಗಳಲ್ಲೊಂದಾದ ಕಡವುಂಭಾಗಂ ಸಿನಗಾಗಿನ ಕೆತ್ತನೆಯ ಮರಗೆಲಸ ಈಗ ಜೆರುಸಲೆಮ್ಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ; ಮಟ್ಟಾಂಚೇರಿಯಲ್ಲಿ ಉಳಿದ ಬರಿಗೋಡೆಯ ಒಂದು ಭಾಗ 2019ರ ಮಳೆಗೆ ಕುಸಿಯಿತು. 1948ರ ಬಳಿಕ ಇಸ್ರೇಲಿಗೆ ಹೊರಟವರ ಸಾಲು ಮುಗಿದಾಗ ಬೀದಿಯಲ್ಲಿ ಉಳಿದದ್ದು ಬೆರಳೆಣಿಕೆಯ ಮನೆಗಳು. ಈಗ ಅಲ್ಲಿ ಶಾಲು, ಅತ್ತರು, ಹಿತ್ತಾಳೆ ಸಾಮಾನು ಮಾರುವವರಲ್ಲಿ ಹಲವರು ಕಾಶ್ಮೀರದವರು.

ಎರಡನೆಯ ನಿದರ್ಶನ ಯೆಹೂದಿ ಬೀದಿಯಷ್ಟು ಪ್ರಸಿದ್ಧವಲ್ಲ, ಆದರೆ ನನ್ನ ವಾದಕ್ಕೆ ಹೆಚ್ಚು ತೂಕದ್ದು. 1653ರ ಜನವರಿ 3ರಂದು ಸಿರಿಯನ್ ಸಂಪ್ರದಾಯದ ಕ್ರೈಸ್ತರು ಮಟ್ಟಾಂಚೇರಿಯಲ್ಲಿ ನೆರೆದು, ಜೆಸುಯಿಟರ ಆಡಳಿತಕ್ಕೆ ಇನ್ನು ತಲೆಬಾಗುವುದಿಲ್ಲವೆಂದು ಆಣೆ ಮಾಡಿದರು. ಶಿಲುಬೆಗೆ ಹಗ್ಗ ಕಟ್ಟಿ ಹಿಡಿದುಕೊಂಡರೆಂದೂ ಎಳೆತಕ್ಕೆ ಶಿಲುಬೆ ಬಾಗಿತೆಂದೂ ಪ್ರತೀತಿ. ಕೂನನ್ ಕುರಿಶು, ಅಂದರೆ ಗೂನು ಶಿಲುಬೆ, ಎಂಬ ಹೆಸರು ಅದರಿಂದ. ಪಶ್ಚಿಮ ಏಷ್ಯದಿಂದ ಬಂದ ಬಿಷಪ್ ಅಹತಲ್ಲಾ ಪೋರ್ಚುಗೀಸ್ ಹಡಗಿನಲ್ಲಿ ಬಂಧಿಯಾಗಿ ಕೊಚ್ಚಿಯ ರೇವಿನಲ್ಲಿದ್ದಾನೆಂದು ತಿಳಿದು ಜನ ಸಾವಿರಗಟ್ಟಲೆ ಬಂದಿದ್ದರು. ಕೋಟೆಯ ಬಾಗಿಲು ತೆರೆಯಲಿಲ್ಲ. ಅವನನ್ನು ಕಡಲಿಗೆ ಎಸೆದರೆಂಬ ಸುದ್ದಿ ಹಬ್ಬಿತು. ಆ ಸುದ್ದಿ ನಿಜವೋ ಅಲ್ಲವೋ, ಚರ್ಚಿನ ಇತಿಹಾಸಕಾರರ ವ್ಯಾಜ್ಯ ಅವರಿಗಿರಲಿ. ಇಲ್ಲಿ ಗಮನಿಸಬೇಕಾದ್ದು ಸ್ಥಳ. ಪೋರ್ಚುಗೀಸ್ ಫಿರಂಗಿಯ ಮೂಗಿನ ಕೆಳಗೆ ಪೋರ್ಚುಗೀಸ್ ಆಡಳಿತದ ಮತವನ್ನು ಧಿಕ್ಕರಿಸಲು ಸಾಧ್ಯವಾದದ್ದು ಅರಸನ ನೆಲದಲ್ಲಿ ನಿಂತಿದ್ದರಿಂದ. ಗೋವೆಯಲ್ಲಿ ಇಂಥದೊಂದು ಸಭೆಯನ್ನು ಊಹಿಸಲೂ ಆಗದು.

ಗೋವೆಯಿಂದ ಓಡಿಬಂದವರ ಕಥೆ ನಮಗೆ, ಕನ್ನಡ ಕರಾವಳಿಯವರಿಗೆ, ಹತ್ತಿರದ್ದು. 16ನೆಯ ಶತಮಾನದಲ್ಲಿ ಮತಾಂತರದ ಒತ್ತಡಕ್ಕೆ ಗೋವೆ ಬಿಟ್ಟ ಕೊಂಕಣಿ ಕುಟುಂಬಗಳಲ್ಲಿ ಹಲವು ನಮ್ಮ ಕರಾವಳಿಯ ಊರುಗಳಲ್ಲಿ ನಿಂತವು. ಕೆಲವು ಇನ್ನೂ ಕೆಳಗಿಳಿದು ಕೊಚ್ಚಿ ಸೇರಿದವು. ಇದರಲ್ಲೊಂದು ವ್ಯಂಗ್ಯವಿದೆ: ಪೋರ್ಚುಗೀಸರಿಂದ ತಪ್ಪಿಸಿಕೊಂಡವರು ಪೋರ್ಚುಗೀಸರ ಇನ್ನೊಂದು ಕೋಟೆಯ ಮಗ್ಗುಲಿಗೇ ಬಂದು ನೆಲೆಸಿದರು. ಕಾಲುವೆಯಾಚೆ ಅರಸನ ನೆಲ ಇತ್ತೆಂಬುದನ್ನು ಬಿಟ್ಟರೆ ಇದಕ್ಕೆ ವಿವರಣೆ ಸಿಗುವುದಿಲ್ಲ. ಮಟ್ಟಾಂಚೇರಿಯ ಚೆರಳಾಯಿಯಲ್ಲಿ 1599ರ ಹೊತ್ತಿಗೆ ವೆಂಕಟೇಶ್ವರನ ಪ್ರತಿಷ್ಠೆಯಾಯಿತು. ವಿಗ್ರಹ ಕುಂಭಕೋಣದ ವಿಜಯೀಂದ್ರ ತೀರ್ಥರಿಂದ ಬಂದದ್ದೆಂಬುದು ದೇವಸ್ಥಾನದ ಪರಂಪರೆ. ಉಡುಪಿ, ಕಾರ್ಕಳ, ಮಂಗಳೂರಿನ ಗೌಡ ಸಾರಸ್ವತರಲ್ಲಿ ದೊಡ್ಡ ಸಂಖ್ಯೆಯವರು ನಡೆದುಕೊಳ್ಳುವ ಕಾಶೀಮಠದ ಬೇರೂ ಕೊಚ್ಚಿಯಲ್ಲಿದೆ; ಅದರ ಹಿಂದಿನ ಪೀಠಾಧಿಪತಿ ಸುಧೀಂದ್ರ ತೀರ್ಥರು (1926–2016) ಹುಟ್ಟಿದ್ದು ಎರ್ನಾಕುಲದಲ್ಲಿ. ದಕ್ಷಿಣ ಕನ್ನಡದ ಮನೆಗಳಲ್ಲಿ 'ಕೊಚ್ಚಿ ತಿರುಮಲ' ಎಂದು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಹೇಳುವವರಲ್ಲಿ ಎಷ್ಟೋ ಜನಕ್ಕೆ ಆ ದೇವರ ವನವಾಸದ ಕಥೆ ಗೊತ್ತಿರುವುದಿಲ್ಲ.

ವನವಾಸ ಒಂದಲ್ಲ. 1662ರ ಗಲಭೆಯಲ್ಲಿ ಸಿನಗಾಗಿನಂತೆ ಈ ಗುಡಿಯೂ ಪೋರ್ಚುಗೀಸರ ಲೂಟಿಗೆ ಸಿಕ್ಕಿತು, ವಿಗ್ರಹವನ್ನು ಊರಾಚೆ ಸಾಗಿಸಬೇಕಾಯಿತು. ಡಚ್ಚರು ಬಂದ ಮೇಲೆ ಕೊಂಕಣಿಗರ ಸ್ಥಾನ ವಿಚಿತ್ರವಾಯಿತು. ಅವರು ವಾಸಿಸುವುದು ಅರಸನ ನೆಲದಲ್ಲಿ, ಅವರ ಮೇಲಿನ ರಕ್ಷಣೆಯ ಹಕ್ಕು ತನ್ನದೆನ್ನುವುದು ಕಂಪನಿ. ಮಟ್ಟಾಂಚೇರಿ ಮತ್ತು ಚೆರಳಾಯಿಯ ಕೊಂಕಣಿಗರ ಸುಂಕ ಯಾರಿಗೆ, ಅವರ ನ್ಯಾಯ ಯಾರ ಮುಂದೆ ಎಂಬ ಜಗಳ 18ನೆಯ ಶತಮಾನದ ಉದ್ದಕ್ಕೂ ಹೊಗೆಯಾಡಿತು. 1771ರಿಂದ 1781ರವರೆಗೆ ಡಚ್ ಮಲಬಾರಿನ ಮುಖ್ಯಸ್ಥನಾಗಿದ್ದ ಆಡ್ರಿಯಾನ್ ಮೋನ್ಸ್ ಅಧಿಕಾರ ಬಿಡುವಾಗ ಬರೆದಿಟ್ಟ ವರದಿ 1911ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದರಲ್ಲಿ ಯೆಹೂದಿಗಳ ಬಗ್ಗೆ ಇರುವುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಕೊಂಕಣಿಗರ ಬಗೆಗಿನ ಭಾಗವನ್ನು ಓದುವವರು ಕಡಿಮೆ. ಡಚ್ ಕಾಗದಪತ್ರಗಳಲ್ಲಿ ಇವರು 'ಕನಾರಿನ್'ಗಳು. ಕನ್ನಡಿಗರೆಂದು ಭ್ರಮಿಸಿ ಅದರ ಮೇಲೆ ಪ್ರಬಂಧ ಕಟ್ಟುವ ಉತ್ಸಾಹಿಗಳು ತುಸು ತಡೆಯಬೇಕು.

ಈ ಎರಡಂಚಿನ ಸ್ಥಾನ ಅವರಿಗೆ ಬಹುಕಾಲ ಅನುಕೂಲವೇ ಆಗಿತ್ತು. ಅಶೀನ್ ದಾಸ್ ಗುಪ್ತ ಅವರ ಮಲಬಾರ್ ವ್ಯಾಪಾರದ ಅಧ್ಯಯನದಲ್ಲಿ ರಹಾಬಿಯ ಜೊತೆಗೇ ಎದ್ದು ಕಾಣುವ ಹೆಸರು ಕೊಂಕಣಿ ವರ್ತಕ ಬಾಬಾ ಪ್ರಭುವಿನದು. ಅರಸ ಬಿಗಿದರೆ ಕಂಪನಿಯ ಬಾಗಿಲು, ಕಂಪನಿ ಬಿಗಿದರೆ ಅರಸನ ಬಾಗಿಲು. ಆದರೆ ಎರಡು ಬಾಗಿಲಲ್ಲಿ ಒಂದು ಮುಚ್ಚಿದ ಗಳಿಗೆಯೂ ಬಂತು. 1789ರ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿಯಿಟ್ಟ. ಅದಕ್ಕೆ ನೆಪವಾದದ್ದು ಡಚ್ಚರು ಕೊಡುಂಗಲ್ಲೂರು ಮತ್ತು ಅಯಕ್ಕೋಟ್ಟದ ಕೋಟೆಗಳನ್ನು ತಿರುವಾಂಕೂರಿಗೆ ಮಾರಿದ್ದು. ಹೈದರನ ಕಾಲದಿಂದ ಮೈಸೂರಿಗೆ ಕಪ್ಪ ಕೊಡುತ್ತಿದ್ದ ಕೊಚ್ಚಿ 1791ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಶಕ್ತನ್ ತಂಬುರಾನ್ ಎಂದು ಹೆಸರಾದ ರಾಮವರ್ಮನಿಗೆ ಈಗ ಡಚ್ಚರ ಹಂಗು ಬೇಕಿರಲಿಲ್ಲ. ಅದೇ ವರ್ಷ ಅವನ ಸೈನಿಕರು ತಿರುಮಲ ದೇವಸ್ಥಾನಕ್ಕೆ ನುಗ್ಗಿದರು. ಸಮುದಾಯದ ಮುಖಂಡರನ್ನು ಕೊಂದರು, ಸಂಪತ್ತನ್ನು ಒಯ್ದರು. ಡಚ್ಚರು ಪ್ರತಿಭಟಿಸಿದರು, ಫಲವಾಗಲಿಲ್ಲ. ದೇವರನ್ನು ಹೊತ್ತು ಜನ ತಿರುವಾಂಕೂರಿನ ಆಲಪ್ಪುಳಕ್ಕೆ ಓಡಿದರು. ವಿಗ್ರಹ ಕೊಚ್ಚಿಗೆ ಮರಳಿದ್ದು 1853ರಲ್ಲಿ, ಅದೂ ಆಲಪ್ಪುಳದವರ ಕಣ್ಣು ತಪ್ಪಿಸಿ.

ಮೈಸೂರಿನ ಯುದ್ಧಗಳನ್ನು ಶ್ರೀರಂಗಪಟ್ಟಣದಿಂದ ನೋಡಿ ಅಭ್ಯಾಸವಾದ ನಮಗೆ ಅವುಗಳ ಅಲೆ ಚೆರಳಾಯಿಯ ಗರ್ಭಗುಡಿಯವರೆಗೆ ಬಂದದ್ದು ಕಾಣುವುದಿಲ್ಲ. ಮೈಸೂರಿನ ಭಯವೇ ಈ ದಾಳಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಭಯ ಅರಸನನ್ನು ಇಂಗ್ಲಿಷರ ಕಡೆ ತಳ್ಳಿತು, ಇಂಗ್ಲಿಷರ ಬೆಂಬಲ ಡಚ್ಚರನ್ನು ಲೆಕ್ಕಕ್ಕಿಲ್ಲದವರನ್ನಾಗಿಸಿತು, ಸಂದು ಮುಚ್ಚಿತು. ಸಂದಿನಲ್ಲಿದ್ದವರು ಜಜ್ಜಿಹೋದರು. 'ಕೊಚ್ಚಿ ಅರಸರ ಸಹಿಷ್ಣುತೆ' ಎಂಬ ಮಾತನ್ನು 1568ನ್ನು ಮಾತ್ರ ಹಿಡಿದು ಬರೆಯುವವರು 1791ನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು.

ಕೋಟೆಗೂ ಊರಿಗೂ ನಡುವೆ ಜಗಳವಲ್ಲದ ಕೊಡುಕೊಳೆಯೂ ಇತ್ತು. ಅದರ ಅತಿ ಒಳ್ಳೆಯ ಸಾಕ್ಷಿ ಹೋರ್ತೂಸ್ ಮಲಬಾರಿಕೂಸ್. 1670ರಿಂದ 1677ರವರೆಗೆ ಇಲ್ಲಿ ಡಚ್ ಅಧಿಪತಿಯಾಗಿದ್ದ ಹೆಂಡ್ರಿಕ್ ವಾನ್ ರೇಡೆ ಮಲಬಾರಿನ ಗಿಡಮರಗಳನ್ನು ಬರೆಸಿ, ಚಿತ್ರಿಸಿ, ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚುಹಾಕಿಸಿದ. ಸುಮಾರು 740 ಸಸ್ಯಗಳು. ಸಸ್ಯಗಳನ್ನು ಗುರುತಿಸಿ ಗುಣ ಹೇಳಿದವರಲ್ಲಿ ಮುಖ್ಯನು ಈಳವ ವೈದ್ಯ ಇಟ್ಟಿ ಅಚ್ಯುತನ್. ಜೊತೆಗೆ ಮೂವರು ಕೊಂಕಣಿ ಬ್ರಾಹ್ಮಣರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಮೊದಲ ಸಂಪುಟದಲ್ಲಿ ಅವರ ಪ್ರಮಾಣಪತ್ರಗಳಿವೆ. ಅಚ್ಯುತನದು ಕೋಲೆಳುತ್ತು ಲಿಪಿಯಲ್ಲಿ, ಕೊಂಕಣಿಗರದು ನಾಗರಿಯಲ್ಲಿ. ಚಿತ್ರಗಳ ಮೇಲೆ ಸಸ್ಯದ ಹೆಸರು ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲೂ ಇರುತ್ತದೆ. ಈ ಲ್ಯಾಟಿನ್ ಗ್ರಂಥ ಇಂಗ್ಲಿಷಿಗೆ ಬರಲು 2003ರವರೆಗೆ, ಕೆ.ಎಸ್. ಮಣಿಲಾಲ್ ಅವರ ದೀರ್ಘ ದುಡಿಮೆಯವರೆಗೆ, ಕಾಯಬೇಕಾಯಿತು.

ಈಳವ ವೈದ್ಯನೂ ಬ್ರಾಹ್ಮಣ ಪಂಡಿತರೂ ಒಂದೇ ಪುಸ್ತಕಕ್ಕೆ ಸಹಿ ಹಾಕಿದ್ದನ್ನು ಸೌಹಾರ್ದದ ಮಾದರಿಯಾಗಿ ಹಲವರು ತೋರಿಸುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಪ್ರಮಾಣಪತ್ರಗಳು ಬೇರೆ ಬೇರೆ, ಜ್ಞಾನದ ಮೂಲವೂ ಬೇರೆ: ಪಂಡಿತರು ತಮ್ಮ ನಿಘಂಟನ್ನು ನೆಚ್ಚಿದರು, ಅಚ್ಯುತನ್ ತನ್ನ ಮನೆತನದ ಗ್ರಂಥಗಳನ್ನೂ ಕಾಡಿನ ಅನುಭವವನ್ನೂ. ಅವರನ್ನು ಒಂದೇ ಮೇಜಿಗೆ ತಂದದ್ದು ಕೋಟೆಯ ದುಡ್ಡು ಮತ್ತು ಕೋಟೆಯ ಅಗತ್ಯ. ದೂರದ ಯುರೋಪಿನಿಂದ ಔಷಧ ತರಿಸುವುದಕ್ಕಿಂತ ಇಲ್ಲಿಯದನ್ನೇ ತಿಳಿದುಕೊಳ್ಳುವುದು ಕಂಪನಿಗೆ ಅಗ್ಗವಾಗಿತ್ತು. ಆದರೂ ಆ ಮೇಜನ್ನು ಬೇರೆಲ್ಲೂ ಹಾಕಲಾಗುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಈಗ ಚೌಕಾಸಿಗೆ ಏನೂ ಇಲ್ಲದವರು. ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಕಾಪ್ಪಿರಿ ಮುತ್ತಪ್ಪನ ಕಟ್ಟೆ ಇದೆ. ವಿಗ್ರಹವಿಲ್ಲ, ಮೇಣದ ಬತ್ತಿ, ಪುಟ್ಟು, ಕಳ್ಳು, ಚುಟ್ಟಾ ಕಾಣಿಕೆ. ಜನ ಹೇಳುವುದು ಇಷ್ಟು: ಡಚ್ಚರು ನುಗ್ಗುವಾಗ ಪೋರ್ಚುಗೀಸರು ತಮ್ಮ ನಿಧಿಯನ್ನು ಹೂತು, ಕಾವಲಿಗೆಂದು ಆಫ್ರಿಕದ ದಾಸರನ್ನು ಅದರ ಜೊತೆ ಗೋಡೆಯಲ್ಲೋ ಮರದ ಬುಡದಲ್ಲೋ ಕೊಂದು ಸೇರಿಸಿದರು, ಆ ಕಾಪ್ಪಿರಿಗಳು ಈಗ ಊರು ಕಾಯುತ್ತಾರೆ, ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾರೆ. ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಎಲ್ಲರೂ ಹರಕೆ ಹೊರುತ್ತಾರೆ. ಎಲ್ಲ ಸಮುದಾಯಗಳೂ ಒಟ್ಟಾಗಿ ನಡೆದುಕೊಳ್ಳುವ ಈ ಕಟ್ಟೆ, ಆ ಯಾವ ಸಮುದಾಯಕ್ಕೂ ಸೇರದವರದು.

ಕಥೆಗೆ ಕಾಗದದ ಪುರಾವೆ ಕೇಳುವುದು ಮೂರ್ಖತನ. ಆದರೆ ದಾಸರ ವ್ಯಾಪಾರಕ್ಕೆ ಕಾಗದದ ಪುರಾವೆ ಬೇಕಾದಷ್ಟಿದೆ. ಪೋರ್ಚುಗೀಸರು ಆಫ್ರಿಕದಿಂದ ಜನರನ್ನು ತಂದರು. ಡಚ್ಚರು ಇಲ್ಲಿಂದಲೇ ಜನರನ್ನು ಹಡಗೇರಿಸಿ ಸಿಲೋನಿಗೂ ಬಟಾವಿಯಕ್ಕೂ ಗುಡ್‌ಹೋಪ್ ಭೂಶಿರಕ್ಕೂ ಕಳಿಸಿದರು. ಕೇಪಿನ ಹಳೆಯ ದಾಖಲೆಗಳಲ್ಲಿ 'ವಾನ್ ಕೊಚಿನ್', 'ವಾನ್ ಮಲಬಾರ್' ಎಂಬ ಬಾಲ ಹೊತ್ತ ಹೆಸರುಗಳು ಸಿಗುತ್ತವೆ. ಅಲ್ಲಿಗೆ ಹೋದವರ ಜಾತಿ, ಭಾಷೆ, ಮನೆ ಯಾವುದೂ ಆ ಬಾಲದಲ್ಲಿಲ್ಲ. ಇವರು ಅರಸನ ನೆಲದವರೇ, ಕಂಪನಿಗೆ ಮಾರಾಟವಾದವರು. ಎರಡು ಅಧಿಕಾರಗಳ ಸಂದು ವ್ಯಾಪಾರಿಗೆ ಆಸರೆಯಾದಂತೆ ಇವರಿಗೆ ಆಗಲಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವ ಓಣಿಯಾಯಿತು. ಬಹುಸಂಸ್ಕೃತಿಯ ಕೊಚ್ಚಿಯನ್ನು ಬರೆಯುವವರು ಸಿನಗಾಗಿಗೆ ಕೊಡುವ ಪುಟಗಳಲ್ಲಿ ಅರ್ಧವನ್ನಾದರೂ ಇವರಿಗೆ ಕೊಟ್ಟಿದ್ದರೆ ಚಿತ್ರ ಬೇರೆ ಆಗುತ್ತಿತ್ತು.

ಇಂಗ್ಲಿಷರ ಕಾಲದ ಬಗ್ಗೆ ಬೇಗ ಮುಗಿಸಬಹುದು. 1806ರಲ್ಲಿ ಅವರು ಕೋಟೆಯನ್ನು ಸಿಡಿಸಿ ಕೆಡವಿದರು. ಗೋಡೆ ಹೋದರೂ ಗಡಿ ಹೋಗಲಿಲ್ಲ: ಫೋರ್ಟ್ ಕೊಚ್ಚಿ ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿತು, ಮಟ್ಟಾಂಚೇರಿ ಕೊಚ್ಚಿ ಸಂಸ್ಥಾನದಲ್ಲೇ ಉಳಿಯಿತು. ಹೀಗಾಗಿ ಫೋರ್ಟ್ ಕೊಚ್ಚಿಗೂ ದೂರದ ಮಂಗಳೂರಿಗೂ ಒಂದೇ ಸರಕಾರ, ಕಾಲುವೆಯಾಚೆಯ ಮಟ್ಟಾಂಚೇರಿಗೆ ಬೇರೆ ಸರಕಾರ. ಈ ಗಡಿ ಆ ಕಾಲಕ್ಕೆ ಸುಂಕದ ಮತ್ತು ಪೊಲೀಸರ ಗಡಿ ಮಾತ್ರ. ಎರಡೂ ಕಡೆ ಕೊನೆಯ ಮಾತು ಇಂಗ್ಲಿಷರದೇ. ನನ್ನ ವಾದದ ಗೆರೆ ಇಲ್ಲಿಗೆ ನಿಲ್ಲುತ್ತದೆ. ಗುಜರಾತಿ ವೈಷ್ಣವರು ಮತ್ತು ಜೈನರು, ಕಚ್ಛಿ ಮೇಮನರು, ಬೋಹ್ರಾಗಳು ಮಟ್ಟಾಂಚೇರಿಯಲ್ಲಿ ದೊಡ್ಡದಾಗಿ ಬೆಳೆದದ್ದು ಹೆಚ್ಚಾಗಿ ಈ ಕಾಲದಲ್ಲಿ. ಅವರನ್ನು ತಂದದ್ದು ಆಸರೆಯ ಹುಡುಕಾಟವಲ್ಲ, ಮುಂಬಯಿಯೊಡನೆ ಹೆಣೆದುಕೊಂಡ ಅಕ್ಕಿ, ಮೆಣಸು, ಕೊಬ್ಬರಿಯ ವಹಿವಾಟು. 1867ರಲ್ಲಿ ಹುಟ್ಟಿದ ಆಸ್ಪಿನ್‌ವಾಲ್ ಕಂಪನಿಯೂ ಇದೇ ಜಾಲದ್ದು. ಅದರ ಕಾಫಿ ಸಂಸ್ಕರಣೆ ಮಂಗಳೂರಿನಲ್ಲಿ ಬೇರೂರಿತು. 'ನಾಲ್ಕೈದು ಚದರ ಕಿಲೋಮೀಟರಿನಲ್ಲಿ ಮೂವತ್ತಕ್ಕೂ ಹೆಚ್ಚು ಸಮುದಾಯಗಳು' ಎಂದು ಈಗ ಎಲ್ಲೆಡೆ ಕೇಳುವ ಲೆಕ್ಕ, ಇನ್‌ಕ್ವಿಸಿಶನ್ನಿಗೆ ಹೆದರಿ ಬಂದವನನ್ನೂ ಮುಂಬಯಿ ಪೇಟೆಯ ಧಾರಣೆ ನೋಡಿ ಬಂದವನನ್ನೂ, ಡಚ್ ಸೈನಿಕರ ಬಟ್ಟೆ ಒಗೆಯಲು ತಂದ ತಮಿಳು ವಣ್ಣಾನರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುತ್ತದೆ. ಲೆಕ್ಕ ತಪ್ಪಿರಲಾರದು. ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ.

ಪೇಟೆಯ ಬಲ ಕುಂದಿದ್ದು ಹೂಳೆತ್ತುವ ಯಂತ್ರದಿಂದ. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳುದಿಬ್ಬವನ್ನು ಕಡಿದು ಒಳಬಂದರು ತೆರೆದ. ಎತ್ತಿದ ಹೂಳಿನಿಂದ ವಿಲಿಂಗ್ಡನ್ ದ್ವೀಪ ಎದ್ದಿತು. 1928ರಲ್ಲಿ 'ಪದ್ಮಾ' ಎಂಬ ಹಡಗು ಒಳಗೆ ಬಂತು. ಮುಂದೆ ಸರಕು ದ್ವೀಪದ ಧಕ್ಕೆಗೆ, ಅಲ್ಲಿಂದ ಎರ್ನಾಕುಲಕ್ಕೆ ಸರಿಯಿತು, ಬಜಾರ್ ರಸ್ತೆಯ ಉಗ್ರಾಣಗಳು ಖಾಲಿಯಾದವು. ಯೆಹೂದಿ ಬೀದಿಯ ಮೆಣಸು ವಾಯಿದೆ ಪೇಟೆ 1957ರಿಂದ ಕೆಲವು ದಶಕ ಕೂಗಿ ಕೂಗಿ ವ್ಯಾಪಾರ ನಡೆಸಿತು. ಕೊಡಗು, ಹಾಸನದ ಬೆಳೆಗಾರರೂ ಅಲ್ಲಿಯ ಧಾರಣೆಗೆ ಕಿವಿಗೊಟ್ಟಿದ್ದ ಕಾಲವದು. 1956ರಲ್ಲಿ ಕೇರಳ ರಾಜ್ಯವಾಗಿ, 1967ರಲ್ಲಿ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ, ಎರ್ನಾಕುಲಗಳ ಪುರಸಭೆಗಳು ಒಂದೇ ನಗರಪಾಲಿಕೆಯಾದಾಗ ಹಳೆಯ ಗಡಿಗೆ ಆಡಳಿತದಲ್ಲಿದ್ದ ಕೊನೆಯ ಅರ್ಥವೂ ಅಳಿಯಿತು. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಆಸ್ಪಿನ್‌ವಾಲ್ ಉಗ್ರಾಣದಲ್ಲಿ ಕಲೆಯನ್ನಿಟ್ಟು ಕೋಟೆಯ ಕಡೆಗೆ ಹೊಸ ಜನರನ್ನು ತಂದಿತು. ಬಾಡಿಗೆಯೂ ಏರಿತು. ಕಾಲುವೆ ಮಾತ್ರ ಇಂದಿಗೂ ಕೊಳಕು.

ಮುಂದಿನ ಕೆಲಸ ಎಲ್ಲಿದೆ ಎಂಬುದನ್ನು ಹೇಳಿ ಬಿಡುತ್ತೇನೆ. ಡಚ್ ಕಂಪನಿಯ ಕೊಚ್ಚಿ ಕಚೇರಿಯ ದಾಖಲೆಗಳ ದೊಡ್ಡ ಕಟ್ಟು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿದೆ. ದಾಸರ ಕ್ರಯಪತ್ರಗಳೂ ಕೊಂಕಣಿ ವರ್ತಕರ ಸಾಲದ ಕಾಗದಗಳೂ ಒಂದೇ ಕಚೇರಿಯ ಗುಮಾಸ್ತರ ಕೈಬರಹದಲ್ಲಿ ಬಂದಿರುವುದರಿಂದ, ಇವೆರಡನ್ನೂ ಬೇರೆ ಬೇರೆ ವಿಷಯಗಳೆಂದು ಓದುವ ಪದ್ಧತಿಯನ್ನು ಬಿಡಬೇಕು: ಮೆಣಸು ಕೊಟ್ಟವನೇ ಮನುಷ್ಯರನ್ನೂ ಕೊಟ್ಟಿರಬಹುದು, ಅಥವಾ ಕೊಡಲು ಒಲ್ಲದೆ ಇದ್ದಿರಬಹುದು. ಕೊಂಕಣಿ, ಮಲಯಾಳ, 18ನೆಯ ಶತಮಾನದ ಡಚ್ ಮೂರೂ ಬಲ್ಲವರು ಅಪರೂಪ. ಮೊದಲ ಎರಡು ಬಲ್ಲವರು ಉಡುಪಿ, ಕಾಸರಗೋಡು, ಮಂಗಳೂರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮೂರನೆಯದನ್ನು ಕಲಿಯಲು ಎರಡು ವರ್ಷ ಸಾಕು.